ಕ್ಷಮೆ ಕೇಳಲು ಬಂದವರ ಮೇಲೊಂದು ಅನುಮಾನ

ಯಾರಾದರೂ ನನ್ನ ಹತ್ತಿರ ಮೆತ್ತಗೆ ಮಾತಾಡಿದರೆ ನಾನು ಮೊದಲು ಬ್ಯಾಗಿನ ಜಿಪ್ ನೋಡಿಕೊಳ್ಳುತ್ತೇನೆ. ಇದು ದುಬೈ ಕಲಿಸಿದ ಬುದ್ಧಿಯಲ್ಲ, ಉಡುಪಿಯಿಂದ ಬರುವಾಗಲೇ ಜೊತೆಗೆ ತಂದದ್ದು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ, ಸೀಟು ಒದ್ದೆಯಿರಬೇಕು ಎಂದುಕೊಳ್ಳುವವಳು ನಾನು. ನಮ್ಮವರು ಇದಕ್ಕೆ ತದ್ವಿರುದ್ಧ. ಲಾಟರಿ ಬಂದಿದೆ ಎಂದು ಫೋನ್ ಮಾಡುವ ಮೋಸಗಾರರನ್ನೂ "ಊಟ ಆಯ್ತಾ" ಎಂದು ವಿಚಾರಿಸುವ ಮನುಷ್ಯ. ಅಲ್ ಮುರಕ್ಕಬಾತಿನ ಸಣ್ಣ ಫ್ಲಾಟಿನಲ್ಲಿ ನಾವಿಬ್ಬರೂ ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದೇವೆಂದರೆ ಆ ಪುಣ್ಯವೆಲ್ಲ ಅವರದ್ದೇ.

ನನಗೆ ಕೆಲಸ ರಾಸ್ ಅಲ್ ಖೋರ್‌ನ ಒಂದು ಕೇಟರಿಂಗ್ ಕಂಪನಿಯಲ್ಲಿ. ಒಂದು ಕಡೆ ಗ್ಯಾರೇಜು, ಇನ್ನೊಂದು ಕಡೆ ಟೈರಿನ ಗೋಡೌನು, ನಡುವೆ ನಮ್ಮ ಅಡುಗೆಮನೆ. ಒಳಗೆ ಹೋದರೆ ಬೇರೆಯೇ ಲೋಕ. ಮಲಯಾಳಿಗಳು, ನೇಪಾಳಿಗಳು, ಫಿಲಿಪಿನೋಗಳು, ನಮ್ಮ ಕಡೆಯವರು, ಎಲ್ಲರೂ ಅವರವರಿಗೆ ಬಂದ ಹಿಂದಿಯಲ್ಲಿ ಕೂಗಾಡುತ್ತ ಬೇಯಿಸುವ ಜಾಗ. ಕೆಲವು ವರ್ಷಗಳ ಹಿಂದೆ ಈ ದೇಶಕ್ಕೆ ಯಹೂದಿಗಳು ಬಹಿರಂಗವಾಗಿ ಬಂದು ಹೋಗತೊಡಗಿದಾಗ, ನಮ್ಮ ಕಂಪನಿಯೂ ಅಡುಗೆಮನೆಯ ಒಂದು ತುದಿಗೆ ಗೋಡೆ ಕಟ್ಟಿ, ಅವರ ಕಟ್ಟಳೆಯ ಊಟಕ್ಕೆಂದು ಬೇರೆ ಕೋಣೆ ಮಾಡಿತು. ಆ ಊಟಕ್ಕೆ ಕೋಶರ್ ಎನ್ನುತ್ತಾರೆ. ಪಾತ್ರೆ ಬೇರೆ, ಚಾಕು ಬೇರೆ, ಒಲೆ ಬೇರೆ. ಮಡಿ ಮೈಲಿಗೆ ನೋಡಿ ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅದಕ್ಕೇ ಇರಬೇಕು, ಕೋಣೆಯ ಜವಾಬ್ದಾರಿ ನನಗೆ ಬಂತು.

ಕಟ್ಟಳೆ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಒಬ್ಬ ಯಹೂದಿ ಹಿರಿಯರನ್ನು ನೇಮಿಸಿದರು. ಬಿಳಿ ಗಡ್ಡ, ತಲೆಗೆ ಪುಟ್ಟ ಟೋಪಿ, ಮರಾಠಿ ಬೆರೆತ ಹಿಂದಿ. ಮುಂಬೈಯ ಆಚೆ ಅಲಿಬಾಗ್ ಕಡೆಯವರಂತೆ. ಅವರ ಹಿರಿಯರು ಅಲ್ಲಿ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರಂತೆ, ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲವಂತೆ. ನಮ್ಮ ಕಡೆಯ ಮುಖದವರು ಯಹೂದಿ ಎಂದರೆ ನಂಬುವುದು ಹೇಗೆ? ಇದರಲ್ಲೇನೋ ಇದೆ ಎಂದು ನಾನು ಮೊದಲ ವಾರವೇ ನಮ್ಮವರಿಗೆ ಹೇಳಿದ್ದೆ. ಅಡುಗೆಮನೆಯವರೆಲ್ಲ ಅವರನ್ನು ಚಾಚಾ ಎಂದು ಕರೆದರು. ನಾನೂ ಕರೆದೆ.

ಚಾಚಾನ ಕೆಲಸವೇ ಅನುಮಾನಪಡುವುದು. ಒಲೆ ಅವರೇ ಹಚ್ಚಬೇಕು. ಕೊತ್ತಂಬರಿ ಸೊಪ್ಪಿನ ಎಲೆ ಎಲೆಯನ್ನೂ ಬೆಳಕಿಗೆ ಹಿಡಿದು ಹುಳ ಹುಡುಕಬೇಕು. ಮಾಂಸಕ್ಕೂ ಹಾಲಿಗೂ ಸಂಬಂಧ ಕೂಡದು, ಆದ್ದರಿಂದ ನನ್ನ ತೆಂಗಿನ ಹಾಲಿನ ಸಾರು ಅವರಿಗೆ ಬಲು ಇಷ್ಟವಾಯಿತು. ಸಂಜೆ ಹೋಗುವಾಗ ಮಾಂಸದ ಫ್ರಿಜ್ಜಿನ ಬಾಗಿಲಿಗೆ ಕಾಗದದ ಸೀಲು ಅಂಟಿಸಿ ಸಹಿ ಹಾಕುತ್ತಿದ್ದರು. ಬೆಳಿಗ್ಗೆ ಅವರೇ ಬಂದು ಹರಿಯಬೇಕು. ನಡುವೆ ಸೀಲು ಹರಿದಿದ್ದರೆ ಒಳಗಿನ ಮಾಂಸ ಅವರ ಕಣ್ಣು ತಪ್ಪಿದ ಮಾಂಸ, ಅದು ಸಲ್ಲದು. ಇಬ್ಬರು ಅನುಮಾನದವರು ಒಂದೇ ಕೋಣೆಯಲ್ಲಿ ಚೆನ್ನಾಗಿಯೇ ಇದ್ದೆವು.

ಆಮೇಲೆ ಆ ಬೆಳಿಗ್ಗೆ ಬಂತು. ಸಂಜೆಗೆ ಅಬುಧಾಬಿಯಲ್ಲಿ ದೊಡ್ಡ ಔತಣ. ಚಾಚಾ ಬಂದು ನೋಡಿದರೆ ಸೀಲು ಹರಿದಿದೆ. ಕೋಣೆಯ ಬೀಗದ ಕೈ ನನ್ನ ಹತ್ತಿರ. ಅವರು ಎಲ್ಲರನ್ನೂ ಕರೆದು ನಿಲ್ಲಿಸಿ, ನನ್ನ ಮುಖಕ್ಕೆ ಬೆರಳು ತೋರಿಸಿ, ಕಳ್ಳಿ ಎಂದರು. ಎಲ್ಲರ ಎದುರು. ನಾನು ಆ ಫ್ರಿಜ್ಜಿನ ಹತ್ತಿರವೂ ಸುಳಿದಿರಲಿಲ್ಲ. ಔತಣಕ್ಕೆ ಮೀನು ತರಕಾರಿಯಲ್ಲೇ ಹೇಗೋ ಸುಧಾರಿಸಿದರು. ಮರುದಿನ ಚಾಚಾನ ಮಾತು ಕೇಳಿ ಮ್ಯಾನೇಜರು ನನ್ನನ್ನು ಆ ಕೋಣೆಯಿಂದ ತೆಗೆದು, ಮುಹೈಸ್ನಾದ ಕಾರ್ಮಿಕರ ವಸತಿಗೆ ಹೋಗುವ ಊಟದ ಡಬ್ಬಿ ತುಂಬುವಲ್ಲಿಗೆ ಹಾಕಿದರು.

ಡಬ್ಬಿ ತುಂಬುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಅನ್ನ ಅನ್ನವೇ. ಆದರೆ ನಾನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಸ್ಟೋರಿಗೆ ಹೋದರೆ ಯಾರಾದರೊಬ್ಬರು ಸುಮ್ಮನೆ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ನನ್ನ ಹೆಸರು ಹಾಳಾಗಿತ್ತು. ಊರು ಬಿಟ್ಟು ಬಂದವರ ಹತ್ತಿರ ಆಸ್ತಿಪಾಸ್ತಿ ಅಂತ ಏನೂ ಇರುವುದಿಲ್ಲ, ಒಂದು ಒಳ್ಳೆಯ ಹೆಸರು ಇರುತ್ತದೆ. ಅದೂ ಹೋಯಿತು. ಸಿಕ್ಕಿದವರಿಗೆಲ್ಲ ನಡೆದದ್ದನ್ನು ಹೇಳಿದೆ. ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿ ಅತ್ತೆ.

ತಿಂಗಳುಗಳು ಕಳೆದವು. ಬೇಸಿಗೆಯ ಬಿಸಿಲು ಇನ್ನೇನು ಇಳಿಯಬೇಕು ಎನ್ನುವ ಹೊತ್ತಿಗೆ, ಒಂದು ದಿನ ಚಾಚಾ ನಾನು ಡಬ್ಬಿ ತುಂಬುವಲ್ಲಿಗೆ ಬಂದು ನಿಂತರು.

"ಬೆಹೆನ್‌ಜೀ, ನಾನು ತಪ್ಪು ಮಾಡಿದೆ. ಸೀಲು ಹರಿದದ್ದು ನೀವಲ್ಲ."

ಫ್ರಿಜ್ಜಿನ ಬಾಗಿಲಿನ ರಬ್ಬರು ಉಬ್ಬಿಕೊಂಡಿತ್ತಂತೆ. ನನ್ನ ಹತ್ತಿರ ಬರುವ ಹಿಂದಿನ ದಿನ ಸಂಜೆ ಸೀಲು ಅಂಟಿಸಿ ಕೈ ತೊಳೆದು ತಿರುಗುವಷ್ಟರಲ್ಲಿ ಅವರ ಕಣ್ಣೆದುರೇ ಬಾಗಿಲು ಕೂದಲೆಳೆಯಷ್ಟು ಸರಿದು ಕಾಗದ ತಾನಾಗಿ ಹರಿಯಿತಂತೆ. ಆ ಸಂಜೆ ಅವರಿಗೆ ಊಟ ಸೇರಲಿಲ್ಲವಂತೆ.

"ನನ್ನನ್ನು ಕ್ಷಮಿಸಬೇಕು," ಎಂದರು.

ನನಗೆ ಮೊದಲು ಬಂದದ್ದು ಸಂತೋಷವಲ್ಲ. "ನಿಮ್ಮನ್ನು ಯಾರು ಕಳಿಸಿದರು?" ಎಂದು ಕೇಳಿದೆ.

"ಯಾರೂ ಕಳಿಸಲಿಲ್ಲ."

"ನೋಡುವ," ಎಂದು ಹೇಳಿ ಡಬ್ಬಿಗೆ ಅನ್ನ ಹಾಕಿದೆ. ಅವರು ಬಂದ ದಾರಿಯಲ್ಲೇ ಹೋದರು.

ಮನೆಗೆ ಬಂದು ಹೇಳಿದರೆ ನಮ್ಮವರು, "ಕೇಳಿದ್ರಲ್ಲ ಮಾರಾಯ್ತಿ, ಮತ್ತೆಂತ ಬೇಕು ನಿನಗೆ?" ಎಂದರು.

"ಇಷ್ಟು ತಿಂಗಳು ಇಲ್ಲದ್ದು ಈಗ ಎಂತಕ್ಕೆ? ಏನೋ ಕೆಲಸ ಆಗ್ಲಿಕ್ಕೆ ಉಂಟು ಇವರಿಗೆ."

"ಅವರಿಗೆ ಈಗ ಗೊತ್ತಾದದ್ದಲ್ವಾ?"

"ನಿಮಗೆ ಎಲ್ಲರೂ ದೇವರೇ," ಎಂದು ನಾನು ಮೂಗು ಮುರಿದೆ.

ಆ ಕೆಲಸ ಏನೆಂಬುದು ಮರುದಿನವೇ ಗೊತ್ತಾಯಿತು. ನಮ್ಮ ಕಂಪನಿಯ ವ್ಯಾನ್ ಓಡಿಸುವವನು ಬಂಟ್ವಾಳ ಕಡೆಯ ಬ್ಯಾರಿ. ನನ್ನನ್ನು ಅಕ್ಕ ಎನ್ನುತ್ತಾನೆ, ಕೆಲಸ ಬಿಟ್ಟ ಮೇಲೆ ದೇರಾ ಕಡೆಗೆ ಹೋಗುವಾಗ ಮನೆಯ ಹತ್ತಿರ ಇಳಿಸುತ್ತಾನೆ. ಲೋಕದ ಸುದ್ದಿಯೆಲ್ಲ ಅವನ ವ್ಯಾನಿನಲ್ಲಿ. "ಅಬುಧಾಬಿಯಲ್ಲಿ ದೊಡ್ಡ ಮದುವೆ ಆರ್ಡರ್ ಉಂಟಂತೆ ಅಕ್ಕ, ಚಾಚಾನ ಜನದ್ದು. ತೆಂಗಿನ ಹಾಲಿನ ಮೀನು ಸಾರು ಬೇಕಂತೆ. ಹಿಂದೆ ತಿಂದವರು ಕೇಳಿದ್ದು," ಎಂದ.

ನನ್ನ ಕಿವಿ ನೆಟ್ಟಗಾಯಿತು. ಓಹೋ, ಹಾಗೋ ವಿಷಯ! ಸಾರು ಬೇಕು, ಅದಕ್ಕೆ ಸಾರು ಮಾಡುವವಳು ಬೇಕು. ನನಗೆ ಒಂಥರಾ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಅನುಮಾನ ನಿಜವಾದಾಗ ಆಗುವ ಖುಷಿ.

ಎರಡನೆಯ ಸಲ ಚಾಚಾ ಬರಿಗೈಯಲ್ಲಿ ಬಂದರು. ಸಿಹಿ ತಂದಿದ್ದರೆ ಲಂಚ ಎನ್ನುತ್ತಿದ್ದೆ. ತರದೇ ಇದ್ದದ್ದಕ್ಕೆ, ಇದೇನು ಬಾಯಿಮಾತಿನಲ್ಲೇ ಮುಗಿಸುವ ಅಂದಾಜು ಎಂದುಕೊಂಡೆ. ಚಹಾದ ಬಿಡುವಿನಲ್ಲಿ ಹಿಂದಿನ ಬಾಗಿಲ ನೆರಳಿನಲ್ಲಿ ಕುಳಿತಿದ್ದೆ. ಅವರು ಎದುರಿನ ತರಕಾರಿ ಕ್ರೇಟಿನ ಮೇಲೆ ಕುಳಿತರು.

"ನಮ್ಮ ಹೊಸ ವರ್ಷ ಕಳೆಯಿತು. ಇನ್ನು ನಾಲ್ಕು ದಿನಕ್ಕೆ ಉಪವಾಸ. ಅದಕ್ಕೆ ಮುಂಚೆ ವರ್ಷದಲ್ಲಿ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರ ಹತ್ತಿರ ಹೇಳಿಕೊಳ್ಳಬಹುದು. ನಿಮಗೆ ಮಾಡಿದ ತಪ್ಪನ್ನು ಹೇಳಿಕೊಂಡು ಅವನ ಹತ್ತಿರ ಹೋದರೆ, ಮೊದಲು ಆಕೆಯ ಹತ್ತಿರ ಹೋಗಿ ಬಾ ಎನ್ನುತ್ತಾನೆ."

"ಆಕೆ ಆಗುವುದಿಲ್ಲ ಎಂದರೆ?"

"ಮತ್ತೆ ಬರಬೇಕು. ಮೂರು ಸಲ."

"ಮೂರನೇ ಸಲವೂ ಆಗುವುದಿಲ್ಲ ಎಂದರೆ?"

ಅವರು ಹೇಳಲು ಹಿಂಜರಿದರು. "ಅಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ. ಆದರೆ ಅದಕ್ಕಾಗಿ ನಾನು ಬಂದದ್ದಲ್ಲ."

ನನಗೆ ಮೈಯೆಲ್ಲ ಉರಿಯಿತು. ಇವರ ಉಪವಾಸ ಸರಿಯಾಗಬೇಕು, ಅದಕ್ಕೆ ನನ್ನ ಒಪ್ಪಿಗೆ ಬೇಕು! ವೀಸಾ ಆಫೀಸಿನಲ್ಲಿ ಠಸ್ಸೆ ಹಾಕಿಸಿಕೊಂಡ ಹಾಗೆ ಹಾಕಿಸಿಕೊಂಡು ಹೋಗಲು ಬಂದಿದ್ದಾರೆ. ಎರಡು ಸಲ ಆಯಿತು, ಇನ್ನೊಂದು ಸಲ ಬಂದು ಖಲಾಸ್ ಎಂದು ಕೈ ಕೊಡವಿಕೊಳ್ಳುವವರು. ಅಷ್ಟು ಸುಲಭಕ್ಕೆ ಬಿಡಬಾರದು ಅನ್ನಿಸಿತು.

"ಇಲ್ಲಿ ಮೂಲೆಯಲ್ಲಿ ಕುಳಿತು ಹೇಳಿದರೆ ಯಾರಿಗೆ ಕೇಳುತ್ತದೆ? ಎಲ್ಲರ ಎದುರು ಅಂದಿರಿ, ಎಲ್ಲರ ಎದುರೇ ಹೇಳಿ. ಏನೇನು ಮಾಡಿದಿರೋ ಅಷ್ಟನ್ನೂ ಹೇಳಿ."

"ಹೇಳುತ್ತೇನೆ. ಹೇಳಲೇಬೇಕು. ನಾನು ಏನೇನು ಮಾಡಿದೆ, ನೀವೇ ಒಮ್ಮೆ ಹೇಳಿ."

ಹೇಳಿದೆ. ಬೆರಳು ತೋರಿಸಿದ್ದು, ಕಳ್ಳಿ ಎಂದದ್ದು, ಇಂಥವಳು ಈ ಕೋಣೆಯಲ್ಲಿ ಇರಬಾರದು ಎಂದು ಕಿರುಚಿದ್ದು. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಚಾಚಾನ ಮುಖ ಇಳಿದುಹೋಯಿತು.

"ಅಷ್ಟು ಅಂದೆನಾ ನಾನು?"

"ಅಂದಿರಿ."

"ಸರಿ," ಎಂದು ಎದ್ದರು. ನೆಲ ನೋಡಿಕೊಂಡು ಹೋದರು.

ಮರುದಿನ ಮಧ್ಯಾಹ್ನದ ಊಟ ಕಳಿಸಿ ಮುಗಿದ ಮೇಲೆ ಎಲ್ಲರನ್ನೂ ಆ ಕೋಣೆಗೆ ಕರೆದರು. ಮ್ಯಾನೇಜರೂ ಬಂದರು. ಚಾಚಾ ಫ್ರಿಜ್ಜಿನ ಪಕ್ಕ ನಿಂತು, ಬಾಗಿಲಿನ ರಬ್ಬರನ್ನು ತೋರಿಸಿ, ಸೀಲು ಹೇಗೆ ಹರಿಯಿತೆಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ವಿಚಾರಿಸದೆ ಈ ಹೆಂಗಸಿನ ಮೇಲೆ ಅನುಮಾನಪಟ್ಟೆ. ಬೆರಳು ತೋರಿಸಿದೆ. ಎಲ್ಲರ ಎದುರು ಕಳ್ಳಿ ಎಂದು ಬೈದೆ. ಇವರನ್ನು ಇಲ್ಲಿಂದ ತೆಗೆಯಿರಿ ಎಂದು ಕಿರುಚಿದೆ. ಇದೆಲ್ಲ ನನ್ನ ತಪ್ಪು. ಎಲ್ಲರ ಎದುರು ಕ್ಷಮೆ ಕೇಳುತ್ತೇನೆ." ಹೇಳುವಾಗ ಬಲಗೈಯ ಮುಷ್ಟಿಯಿಂದ ಎದೆಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದರು.

ನನಗೆ ಅಳು ಬಂತು. ತಿಂಗಳುಗಟ್ಟಲೆ ಎದೆಯ ಮೇಲೆ ಕುಳಿತಿದ್ದದ್ದು ಇಳಿದುಹೋಯಿತು. "ಆಯ್ತು ಚಾಚಾ, ಬಿಟ್ಟೆ," ಎಂದೆ. ಮಲಯಾಳಿ ಅಡುಗೆಯವ ಬಂದು ನನ್ನ ಬೆನ್ನು ತಟ್ಟಿದ. ನನ್ನ ಹೆಸರು ನನಗೆ ವಾಪಸು ಸಿಕ್ಕಿತ್ತು. ಒಂದು ಮಾತ್ರ ಕಂಡಿತು. ಚಾಚಾ ಮಾತಾಡುವಾಗ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರೆಲ್ಲ ಚಾಚಾನ ಕಡೆಯವರು, ಹೊಟ್ಟೆಕಿಚ್ಚು, ಎಂದುಕೊಂಡೆ.

ಆ ಸಂಜೆ ವ್ಯಾನಿನಲ್ಲಿ ನಮ್ಮ ಬ್ಯಾರಿ ಮಾತೇ ಆಡಲಿಲ್ಲ. ಅವನು ಬಾಯಿ ಮುಚ್ಚಿಕೊಂಡಿದ್ದಾನೆಂದರೆ ಹುಷಾರಿಲ್ಲ ಎಂದೇ ಅರ್ಥ.

"ಎಂತ ಆಯ್ತು ನಿನಗೆ?"

"ಎಂತ ಇಲ್ಲ ಅಕ್ಕ." ಸ್ವಲ್ಪ ದೂರ ಹೋದ ಮೇಲೆ, "ಚಾಚಾನನ್ನು ಕಳಿಸ್ತಾರಂತೆ. ಮ್ಯಾನೇಜರ್ ಹೆಡ್ ಆಫೀಸಿಗೆ ಹೇಳ್ತಾರಂತೆ. ಸ್ಟಾಫಿಗೆ ಎಲ್ಲರ ಎದುರು ಕಳ್ಳಿ ಅಂತ ಬೈದ್ರೆ ಈ ದೇಶದಲ್ಲಿ ಕೇಸ್ ಆಗ್ತದೆ, ಗೊತ್ತುಂಟಲ್ಲ. ಕಂಪನಿಗೆ ತಲೆಬಿಸಿ."

"ಅದಕ್ಕೆ ನಾನು ಎಂತ ಮಾಡ್ಲಿ? ಬೈದದ್ದು ಅವರು."

ಅವನು ಸಿಗ್ನಲಿನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದ. "ಯಾವಾಗ ಬೈದದ್ದು ಅಕ್ಕ? ನಾನು ಅಲ್ಲೇ ಇದ್ದೆ, ಮೀನು ಇಳಿಸ್ಲಿಕ್ಕೆ ಬಂದಿದ್ದೆ. 'ಕೀ ಯಾರ ಹತ್ರ ಉಂಟು' ಅಂತ ಕೇಳಿದ್ರು, ಜೋರಾಗಿಯೇ ಕೇಳಿದ್ರು. ನಿಮ್ಮನ್ನೇ ನೋಡಿದ್ರು, ಅದು ಹೌದು. ನೀವು ಏಪ್ರನ್ ಬಿಚ್ಚಿ ಬಿಸಾಡಿ, 'ನನ್ನನ್ನು ಕಳ್ಳಿ ಅಂತೀರಾ' ಅಂತ ಕೂಗಿದ್ರಿ. ಆಮೇಲೆ ಅವರು ಮ್ಯಾನೇಜರಿಗೆ, 'ಬೇರೆ ಯಾರನ್ನಾದ್ರೂ ಕೊಡಿ' ಅಂತ ಹೇಳಿದ್ರು, ಮೆಲ್ಲಗೆ."

"ಬೆರಳು ತೋರಿಸಿದ್ದು?"

"ಎಂಥ ಬೆರಳು? ಅವರ ಎರಡೂ ಕೈಯಲ್ಲಿ ಸೊಪ್ಪಿನ ಟ್ರೇ ಇತ್ತು."

"ಚಾಚಾ ಎಷ್ಟು ಕೊಟ್ರು ನಿನಗೆ?" ಎಂದು ಕೇಳಿಬಿಟ್ಟೆ. ಅವನಿಗೆ ಸಿಟ್ಟು ಬರಲಿಲ್ಲ, ನಕ್ಕುಬಿಟ್ಟ. ಅದೇ ಕೆಟ್ಟದಾಯಿತು. ಸಿಟ್ಟು ಬಂದಿದ್ದರೆ ಸುಳ್ಳು ಎಂದುಕೊಳ್ಳಬಹುದಿತ್ತು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ನಮ್ಮವರನ್ನು ಕೇಳಿದೆ. "ಆ ದಿನ ಬಂದು ನಾನು ನಿಮಗೆ ಎಂತ ಹೇಳಿದ್ದು?"

ಅವರು ಟಿವಿಯ ದನಿ ತಗ್ಗಿಸಿದರು. "ಕೀ ಯಾರ ಹತ್ರ ಅಂತ ಎಲ್ಲರ ಎದುರು ಕೇಳಿದ್ರು, ಮರ್ಯಾದೆ ಹೋಯ್ತು ಅಂತ ಹೇಳಿದ್ದು. ಬೆರಳು ಆಮೇಲೆ ಬಂತು. ಕಳ್ಳಿ ಅಂತ ಬಂದದ್ದು ನೀನು ಅಕ್ಕನಿಗೆ ಫೋನ್ ಮಾಡಿದಾಗ."

"ಮತ್ತೆ ನೀವು ಯಾಕೆ ಹೇಳ್ಲಿಲ್ಲ?"

"ಯಾರಿಗೆ? ನಿನಗಾ?"

ಸೋಫಾದ ಮೇಲೆ ಕುಳಿತೆ. ಕಣ್ಣು ಮುಚ್ಚಿದರೆ ಆ ಬೆರಳು ಈಗಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಉಗುರು ಸಹ ಕಾಣುತ್ತಿತ್ತು. ಆ ಬೆರಳನ್ನು ಹಿಂದಕ್ಕೆ ತಳ್ಳಿ ಎರಡೂ ಕೈಗೆ ಟ್ರೇ ಕೊಟ್ಟು ನೋಡಿದೆ. ಟ್ರೇಯಲ್ಲಿದ್ದ ಸೊಪ್ಪು ನೆನಪಾಯಿತು. ಪುದೀನ. ತೊಳೆದ ನೀರು ಅಂಚಿನಿಂದ ಅವರ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ಇದು ಹಾಗೇ ಉಳಿದಿತ್ತು. ಹೇಳಿದ್ದಕ್ಕೆಲ್ಲ ಹೇಳಿದಷ್ಟು ಸಲವೂ ಉಪ್ಪುಖಾರ ಹಚ್ಚಿ, ಕೊನೆಗೆ ಆ ರುಚಿಯನ್ನೇ ನಾನು ನಿಜ ಎಂದು ನಂಬಿದ್ದೆ.

ಸುಮ್ಮನಿದ್ದುಬಿಡು ಎಂದಿತು ಮನಸ್ಸು. ಹೆಸರು ವಾಪಸು ಸಿಕ್ಕಿದೆ. ತಾವೇ ಒಪ್ಪಿಕೊಂಡಿದ್ದಾರೆ, ನೀನು ಬಲವಂತ ಮಾಡಿದೆಯಾ? ಈಗ ಹೋಗಿ ಹೇಳಿದರೆ ಕಳ್ಳಿ ಹೋಗಿ ಸುಳ್ಳಿ ಆಗುತ್ತೀ. ನಾನು ಲೋಕದವರನ್ನೆಲ್ಲ ಸಂಶಯದಿಂದ ನೋಡಿದವಳು, ಈ ಮನಸ್ಸನ್ನು ಮಾತ್ರ ಒಂದು ದಿನವೂ ತಪಾಸಣೆ ಮಾಡಿರಲಿಲ್ಲ. ಅದು ಇಷ್ಟು ನಯವಾಗಿ ಮಾತಾಡುವುದನ್ನು ಕೇಳಿ ನನಗೆ ಹೆದರಿಕೆಯಾಯಿತು.

ಬೆಳಿಗ್ಗೆ ನೇರ ಆ ಕೋಣೆಗೆ ಹೋದೆ. ಚಾಚಾ ಒಲೆ ಹಚ್ಚುತ್ತಿದ್ದರು.

"ಚಾಚಾ, ನೀವು ನನ್ನನ್ನು ಕಳ್ಳಿ ಅಂದಿರಲಿಲ್ಲ."

ಅವರು ಬೆಂಕಿ ಸಣ್ಣದು ಮಾಡಿ ತಿರುಗಿದರು. "ನನಗೂ ಅಂದ ನೆನಪಿರಲಿಲ್ಲ."

"ಮತ್ತೆ ಯಾಕೆ ಒಪ್ಪಿಕೊಂಡಿರಿ? ಎಲ್ಲರ ಎದುರು?"

"ಸಿಟ್ಟಿನಲ್ಲಿ ಇದ್ದವನು ನಾನು. ಸಿಟ್ಟಿನಲ್ಲಿ ಇದ್ದವನಿಗೆ ತನ್ನ ದನಿ ಎಲ್ಲಿ ಕೇಳಿಸುತ್ತದೆ? ಕೇಳಿದವರು ನೀವು. ಒಮ್ಮೆ ನಿಮ್ಮನ್ನು ನಂಬದೆ ತಪ್ಪು ಮಾಡಿದ್ದೆ. ಅದಕ್ಕೇ ಕ್ಷಮೆ ಕೇಳಲು ಬಂದು, ಮತ್ತೆ ನಿಮ್ಮನ್ನು ನಂಬದೆ ಇರುವುದು ಹೇಗೆ?"

ನಾನು ಅವರ ಮುಖದಲ್ಲಿ ಹುಡುಕಿದೆ. ಎಲ್ಲಾದರೂ ಕೊಂಕು ಇದೆಯಾ, ನನ್ನನ್ನು ನಾಚಿಸಲು ಆಡಿದ ಮಾತಾ ಎಂದು. ಏನೂ ಸಿಗಲಿಲ್ಲ. ನಿದ್ದೆಗೆಟ್ಟ ಒಬ್ಬ ವಯಸ್ಸಾದ ಮನುಷ್ಯನ ಮುಖ, ಅಷ್ಟೇ. ಆ ಎರಡು ದಿನ ಅವರು ತಮ್ಮ ಮೇಲೆ ಇಲ್ಲದ ಪಾಪವೊಂದನ್ನು ಹೊತ್ತು, ತಾನು ಎಂಥ ಮನುಷ್ಯ ಎಂದು ಕೇಳಿಕೊಳ್ಳುತ್ತಿದ್ದರು. ಹೊರಿಸಿದವಳು ನಾನು.

"ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರಂತೆ," ಎಂದೆ.

"ಗೊತ್ತು."

"ತಪ್ಪಾಯಿತು ಚಾಚಾ. ಹೊಟ್ಟೆಗೆ ಹಾಕಿಕೊಳ್ಳಿ."

"ಹಾಕಿಕೊಂಡೆ," ಎಂದರು, ನಾನು ಮುಗಿಸುವ ಮೊದಲೇ. ಅಷ್ಟು ಬೇಗ ಸಿಗುವುದೆಂದು ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಅವರು ಎಷ್ಟು ಸಲ ಬರಬೇಕಾಯಿತು!

ಚಾಚಾ ಬೇಡ ಎಂದು ಕೈ ಆಡಿಸಿದರೂ ಕೇಳದೆ, ಮ್ಯಾನೇಜರನ್ನೂ ಉಳಿದವರನ್ನೂ ನಾನೇ ಹೋಗಿ ಕರೆದು ತಂದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದವರಿಗೆ ಬೇಸರ. ಮ್ಯಾನೇಜರು ಗಡಿಯಾರ ನೋಡಿ "ಯಲ್ಲಾ, ಬೇಗ" ಎಂದರು. ನಾನು ಫ್ರಿಜ್ಜಿನ ಪಕ್ಕ ಹೋಗಿ ನಿಂತೆ. ನನ್ನ ಹೆಸರು ಇಲ್ಲಿ ಇವರೆದುರು ಹೋದದ್ದು, ಇಲ್ಲಿ ಇವರೆದುರೇ ಸಿಕ್ಕಿದ್ದು, ಈಗ ಮತ್ತೆ ಇಲ್ಲೇ ಕಳೆದುಕೊಳ್ಳುವುದು.

"ಚಾಚಾ ನಿನ್ನೆ ಹೇಳಿದ್ದು ಪೂರ್ತಿ ನಿಜವಲ್ಲ," ಎಂದೆ. "ನನ್ನ ಮೇಲೆ ಅನುಮಾನಪಟ್ಟದ್ದು ಹೌದು. ಅದನ್ನು ನಾನು ಬಿಟ್ಟಾಯಿತು. ಆದರೆ ಅವರು ಬೆರಳು ತೋರಿಸಲಿಲ್ಲ. ಬೈಯಲಿಲ್ಲ. ಕಿರುಚಲೂ ಇಲ್ಲ, ಕಿರುಚಿದ್ದು ನಾನು. ನಾನು ಹಾಗೆಂದು ಹೇಳಿದೆ, ಅವರು ನಂಬಿದರು. ಅವರನ್ನು ಕಳಿಸಬೇಡಿ."

ಮ್ಯಾನೇಜರು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಎಲ್ಲರನ್ನೂ ನೋಡುವ ನೋಟ ಅದು. ಇವಳ ಯಾವ ಮಾತನ್ನು ನಂಬುವುದು ಎನ್ನುವ ನೋಟ. ಹಿಂದೆ ನಿಂತಿದ್ದ ಫಿಲಿಪಿನೋ ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು.

ಪಾತ್ರೆ ತೊಳೆಯುವ ನೇಪಾಳಿ, ತಲೆನರೆತ ಸಾಧು ಮನುಷ್ಯ, ಒದ್ದೆ ಕೈ ಒರೆಸಿಕೊಳ್ಳುತ್ತ ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಹಾಗಾದರೆ ದೀದಿ, ನಿಮ್ಮನ್ನು ಕಳ್ಳಿ ಎಂದವರು ಯಾರು?"

ಯಾರೂ ಇಲ್ಲ ಎನ್ನಲು ಹೊರಟೆ. ಅದೂ ನಿಜವಲ್ಲ.

"ನಾನೇ," ಎಂದೆ.